ಅಂಗಡಿ ಕಟ್ಟೆಯಿಂದ: ಒಂದೂವರೆ ವೋಲ್ಟಿನ ಜಮಾ-ಖರ್ಚು



ನಮ್ಮ ಅಂಗಡಿಯ ಗೋಡೆ ಗಡಿಯಾರ ನಿಂತಿತು. ಹೊಸ ಸೆಲ್ಲು ಹಾಕಿ ಹಳೆಯದನ್ನು ಎಸೆಯಲು ಹೊರಟೆವು. ಒಂಬತ್ತನೆಯ ಇಯತ್ತೆಯಲ್ಲಿ ಕಲಿಯುವ ಮೊಮ್ಮಗ ಓಡಿ ಬಂದು ಕೈ ಹಿಡಿದ. "ಒಗಿಬ್ಯಾಡ್ರಿ ಮುತ್ಯಾ, ಇದರಾಗ ಇನ್ನೂ ದಮ್ ಅದ" ಎಂದ.

ಮೀಟರಿಗೆ ಹಿಡಿದರೆ 1.1 ವೋಲ್ಟ್ ಇತ್ತು. ಬಿಳಿ ಎಲ್‌ಇಡಿ ಹೊತ್ತಲು ಸುಮಾರು 3 ವೋಲ್ಟ್ ಬೇಕು. ಹೊಸ ಸೆಲ್ಲಿನ ಒಂದೂವರೆಯೇ ಸಾಲದು, ಇನ್ನು ಈ ಮುದಿ ಸೆಲ್ಲಿನ ಪಾಡೇನು? ಆದರೂ ಹುಡುಗ ನಾಲ್ಕಾರು ಬಿಡಿಭಾಗ ಜೋಡಿಸಿ, ಅದೇ ಸೆಲ್ಲಿನಿಂದ ಬೆಳಕು ತೋರಿಸಿದ. ಇದಕ್ಕೆ ‘ಜೂಲ್ ಥೀಫ್’ ಎಂದು ಹೆಸರಂತೆ. ನಮಗೆ ದೇವ್ ಆನಂದರ 1967ರ ‘ಜ್ಯುವೆಲ್ ಥೀಫ್’ ಸಿನಿಮಾ ನೆನಪಾಯಿತು. ಜ್ಯುವೆಲ್ ಎಂದರೆ ಒಡವೆ, ಜೂಲ್ ಎಂದರೆ ಶಕ್ತಿಯ ಅಳತೆ. ಸೆಲ್ಲಿನಲ್ಲಿ ಉಳಿದ ಶಕ್ತಿಯನ್ನು ಹೀರಿ ತೆಗೆಯುವುದರಿಂದ ಕಳ್ಳನೆಂಬ ಬಿರುದು. "ಮನಿಯಾಗ ಕಳ್ಳನ ಹೆಸರು ಬ್ಯಾಡ" ಎಂದು ನಮ್ಮ ಮನೆಯವರು ಗದರಿಸಿದರು. ಇಂಗ್ಲೆಂಡಿನ ‘ಎವೆರಿಡೇ ಪ್ರಾಕ್ಟಿಕಲ್ ಇಲೆಕ್ಟ್ರಾನಿಕ್ಸ್’ ಮಾಸಿಕದ 1999ರ ನವೆಂಬರ್ ಸಂಚಿಕೆಯಲ್ಲಿ ಒಬ್ಬ ಓದುಗರು ಕಳಿಸಿದ ಇಂಥ ಜೋಡಣೆ ಪ್ರಕಟವಾಗಿ, ಅದು ಹವ್ಯಾಸಿಗಳಲ್ಲಿ ಹಬ್ಬಿತು.

ಮಾಡುವ ರೀತಿ ಸುಲಭ. ಹಳೆಯ ಇಲೆಕ್ಟ್ರಾನಿಕ್ ಬೋರ್ಡಿನಿಂದ ತೆಗೆದ ಒಂದು ಚಿಕ್ಕ ಫೆರೈಟ್ ಉಂಗುರ ಬೇಕು. ಕೆಂಪು, ಹಸಿರು ಎರಡು ತೆಳು ವಾಯರುಗಳನ್ನು ಜೊತೆಯಾಗಿ ಹಿಡಿದು ಉಂಗುರದ ಮೇಲೆ 15 ಸುತ್ತು ಸುತ್ತಬೇಕು. ಕೆಂಪಿನ ಮೊದಲನ್ನೂ ಹಸಿರಿನ ಕೊನೆಯನ್ನೂ ಕೂಡಿಸಿ ಸೆಲ್ಲಿನ ಪ್ಲಸ್ಸಿಗೆ ಕೊಡಬೇಕು. ಹಸಿರಿನ ಮೊದಲು 1000 ಓಮಿನ ರೆಸಿಸ್ಟರ್ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ, ಕೆಂಪಿನ ಕೊನೆ ಕಲೆಕ್ಟರಿಗೆ, ಎಮಿಟರ್ ಸೆಲ್ಲಿನ ಮೈನಸ್ಸಿಗೆ. ಎಲ್‌ಇಡಿಯ ಉದ್ದ ಕಾಲು ಕಲೆಕ್ಟರಿಗೆ, ಗಿಡ್ಡ ಕಾಲು ಎಮಿಟರಿಗೆ. ಟ್ರಾನ್ಸಿಸ್ಟರ್ ಬಿ.ಸಿ. 337 ಆದೀತು, ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ದೀಪ ಹೊತ್ತದಿದ್ದರೆ ಒಂದು ಬಣ್ಣದ ವಾಯರಿನ ಎರಡು ತುದಿಗಳನ್ನು ಅದಲು ಬದಲು ಮಾಡಿ ನೋಡಬೇಕು.

ಒಳಗೆ ನಡೆಯುವುದು ಹೀಗೆ. ರಭಸದಿಂದ ಹರಿಯುವ ನೀರಿನ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಪೈಪು ಧಡ್ ಎನ್ನುತ್ತದಲ್ಲವೆ? ಸುರುಳಿಯಲ್ಲಿ ಹರಿಯುವ ಕರೆಂಟನ್ನು ಟ್ರಾನ್ಸಿಸ್ಟರ್ ಹಾಗೆಯೇ ಥಟ್ಟನೆ ಕಡಿಯುತ್ತದೆ. ಉಂಗುರದಲ್ಲಿ ಕೂಡಿದ್ದ ಕಾಂತಶಕ್ತಿ ಆಗ ಹೆಚ್ಚಿನ ವೋಲ್ಟಾಗಿ ಹೊರಗೆ ಚಿಮ್ಮುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುವುದರಿಂದ ನಮ್ಮ ಕಣ್ಣಿಗೆ ದೀಪ ಒಂದೇ ಸಮನೆ ಉರಿದಂತೆ ಕಾಣುತ್ತದೆ. ಉಂಗುರಕ್ಕೆ ಎರಡು ಸುರುಳಿ ಸುತ್ತಿ ಫ್ಯಾರಡೆ ಪ್ರಯೋಗ ಮಾಡಿದ್ದು 1831ರಲ್ಲಿ. ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೂಡ ಇದೇ ವಂಶದ್ದು.

ಇಷ್ಟರವರೆಗೆ ನಮಗೆ ಸಂತೋಷವೇ ಇತ್ತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹುಡುಗ ಬರೆದ ಚಾರ್ಟು ನೋಡಿದಾಗ ಮಾತ್ರ ನಮ್ಮ ಹುಬ್ಬು ಗಂಟಿಕ್ಕಿತು. ‘ಒಂದೂವರೆ ವೋಲ್ಟಿನಿಂದ 24 ವೋಲ್ಟ್! 16 ಪಟ್ಟು ವಿದ್ಯುತ್ ಉತ್ಪಾದನೆ!’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಮೀಟರು 24 ತೋರಿಸಿದ್ದು ಸುಳ್ಳಲ್ಲ. ಎಲ್‌ಇಡಿ ತೆಗೆದು, ಡಯೋಡು-ಕೆಪಾಸಿಟರ್ ಹಾಕಿ, ಅವನು ನಮ್ಮೆದುರಿಗೇ ಅಳೆದಿದ್ದ.

"ಬರೇ ಜಮಾ ಪುಟ ತೋರಸ್ತಿ, ಖರ್ಚಿನ ಪುಟ ಎಲ್ಲಿ?" ಎಂದು ಕೇಳಿದೆವು. ಹುಡುಗ ಮುಖ ಊದಿಸಿದ. ಅವನನ್ನು ಬೈದು ಫಲವಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನಾವೂ ಸಂಜೆ ಗಲ್ಲೆಯಲ್ಲಿ ಕಂಡ ರೊಕ್ಕವನ್ನೇ ಲಾಭವೆಂದು ಹಿಗ್ಗಿದವರು. ನಮ್ಮ ತಂದೆಯವರು ಕೊಡಬೇಕಾದ ಬಾಕಿಯ ಪುಟ ತೆರೆದು ಮುಂದಿಟ್ಟ ದಿನ ಬಾಯಿ ಮುಚ್ಚಿದೆವು.

ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಅಜ್ಜ-ಮೊಮ್ಮಗ ಲೆಕ್ಕಕ್ಕೆ ಕುಳಿತೆವು. ಚಿಮ್ಮುವ ಕರೆಂಟನ್ನು ಸಾದಾ ಮೀಟರು ಸರಿಯಾಗಿ ಹೇಳಲಾರದು. ಮೊದಲು ಅದನ್ನು ಸಮ ಮಾಡಿಕೊಳ್ಳಬೇಕು. ಆದ್ದರಿಂದ ಸೆಲ್ಲಿನ ದಾರಿಯಲ್ಲಿ 1 ಓಮಿನ ರೆಸಿಸ್ಟರ್, ಅದರಾಚೆ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇಟ್ಟೆವು. ಆ ರೆಸಿಸ್ಟರಿನ ಮೇಲೆ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಆಂಪಿಯರ್. ಹೊರಗಿನ ಕಡೆ ಡಯೋಡು, 50 ವೋಲ್ಟ್ ತಾಳುವ 100 ಮೈಕ್ರೋಫ್ಯಾರಡಿನ ಕೆಪಾಸಿಟರ್, ಆಮೇಲೆ ಎಲ್‌ಇಡಿಯ ಜೊತೆಗೆ 10 ಓಮಿನ ರೆಸಿಸ್ಟರ್.

ಅವಸರದಲ್ಲಿ ಒಂದು ತಪ್ಪಾಯಿತು. 24 ವೋಲ್ಟ್ ತುಂಬಿದ್ದ ಕೆಪಾಸಿಟರಿಗೆ ನಾವೇ ಎಲ್‌ಇಡಿ ತಗುಲಿಸಿದೆವು. ಒಮ್ಮೆ ಮಿಂಚಿ ಅದು ಸತ್ತಿತು. ಮೊದಲು ಕೆಪಾಸಿಟರನ್ನು ರೆಸಿಸ್ಟರಿನಿಂದ ಖಾಲಿ ಮಾಡಬೇಕಿತ್ತು.

ಎರಡನೆಯ ಎಲ್‌ಇಡಿ ಹಾಕಿದೊಡನೆ 24 ವೋಲ್ಟ್ ಇಳಿದು ಎಲ್‌ಇಡಿಯ ಮೇಲೆ 3 ವೋಲ್ಟಿಗೆ ನಿಂತಿತು. ಗಿರಾಕಿ ಇಲ್ಲದಾಗ ಹೇಳುವ ದರ ಬೇರೆ, ಗಿರಾಕಿ ಬಂದಾಗ ಕುದುರುವ ದರ ಬೇರೆ! ಹುಡುಗನ ಕೈಯಿಂದಲೇ ಎರಡೂ ಪುಟ ಬರೆಸಿದೆವು. ಹೊಸ ಸೆಲ್ಲಿನಿಂದ ಒಳಗೆ ಹೋದದ್ದು 1.4 ವೋಲ್ಟ್, 50 ಮಿಲಿಆಂಪಿಯರ್. ಗುಣಿಸಿದರೆ 70 ಮಿಲಿವ್ಯಾಟ್. ಎಲ್‌ಇಡಿಗೆ ಸಿಕ್ಕಿದ್ದು 3 ವೋಲ್ಟ್, 14 ಮಿಲಿಆಂಪಿಯರ್, 42 ಮಿಲಿವ್ಯಾಟ್. ವೋಲ್ಟು ಎರಡು ಪಟ್ಟು ಮಿಕ್ಕಿ ಏರಿತು, ಕರೆಂಟು ಮೂರು ಪಟ್ಟು ಮಿಕ್ಕಿ ಇಳಿಯಿತು. ರೂಪಾಯಿಗೆ 60 ಪೈಸೆ ಕೈಗೆ ಬಂತು. 40 ಪೈಸೆ ಟ್ರಾನ್ಸಿಸ್ಟರ್, ಡಯೋಡು, ಉಂಗುರ, ವಾಯರುಗಳಲ್ಲಿ ಬಿಸಿಯಾಗಿ ಹೋಯಿತು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹಳೆಯ ಚಾರ್ಟನ್ನು ತಿರುವಿ ಹಾಕಿ, ಬೆನ್ನ ಮೇಲೆ ಜಮಾ-ಖರ್ಚಿನ ಎರಡು ಪುಟ ಬರೆದ.

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. "24 ಅಂತ ಬರದಿದ್ರ ಬರ್ತಿತ್ತೇನೋ ಮುತ್ಯಾ" ಎಂದ. ಇರಬಹುದು. ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಮರುದಿನ ನಾವು ಅಂಗಡಿಯಿಂದ ಬರುವಷ್ಟರಲ್ಲಿ ಅವನು ಡಯೋಡು ಬದಲಿಸಿ, ಸುತ್ತು ಹೆಚ್ಚಿಸಿ, "60 ಇದ್ದದ್ದು 66 ಆತು ನೋಡ್ರಿ" ಎಂದು ಎರಡೂ ಪುಟ ಮುಂದೆ ಹಿಡಿದ. 24ಕ್ಕೇ ಹಿಗ್ಗಿ ಕುಳಿತಿದ್ದರೆ ಈ ಆರು ಪೈಸೆಯನ್ನು ಹುಡುಕುವ ಗೊಡವೆಗೇ ಅವನು ಹೋಗುತ್ತಿರಲಿಲ್ಲ.

ಪಾಲಕರಿಗೆ ಒಂದು ಎಚ್ಚರಿಕೆ. ಮಕ್ಕಳು ಈ ಆಟಕ್ಕೆ ಒಂದೇ ಸೆಲ್ಲು ಬಳಸಲಿ. ಹಳೆಯ ಕ್ಯಾಮೆರಾ ಫ್ಲ್ಯಾಶ್ ಬಿಚ್ಚಲು ಬಿಡಬೇಡಿ. ಅದೂ ಒಂದೂವರೆ ವೋಲ್ಟಿನ ಸೆಲ್ಲಿನಿಂದಲೇ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ತುಂಬಿಡುತ್ತದೆ. ಸೆಲ್ಲು ತೆಗೆದ ಮೇಲೂ ಅದು ಪ್ರಾಣಕ್ಕೆ ಅಪಾಯ.

ಬರುವ ರಜೆಯಲ್ಲಿ ಮಕ್ಕಳ ಜೊತೆಗೆ ನೀವೂ ಮಾಡಿ ನೋಡಿರಿ. ಬೆಳಕು ಬಂದೊಡನೆ ಎದ್ದುಬಿಡಬೇಡಿರಿ. ಎರಡು ಪುಟದ ಲೆಕ್ಕ ಬರೆದೇ ಏಳಿರಿ.