ನೀರಿಂದ ಎದ್ರೆ ಮುಗೀತಾ?

ಅಲ್ರೀ, "ಈಜು ಬರದಿದ್ರೂ ಪರ್ವಾಗಿಲ್ಲ, ಏನೂ ಆಗಲ್ಲ" ಅನ್ನೋ ಮಾತನ್ನ ನಂಬ್ಕೊಂಡು ನಮ್ಮ ಇಂದಿರಾನಗರದ ಆಫೀಸಿನಿಂದ ಎಂಟು ಜನ ಟಿಟಿ ಮಾಡ್ಕೊಂಡು ಮುರುಡೇಶ್ವರಕ್ಕೆ ಹೋಗಿದ್ವಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ಸ್ಕೂಬಾ ಡೈವಿಂಗ್. ಮೀನು, ಹವಳ ಎಲ್ಲಾ ಸೂಪರ್. ಅದನ್ನ ಇನ್ನೊಂದು ದಿನ ಬರೀತೀನಿ. ಇವತ್ತು ಬರ್ತಿರೋದು ಜಗಳಕ್ಕೆ.

ನಂಗೆ ಅವತ್ತು ನೆಗಡಿ. ಹೇಳಿದೆ. "ಏನೂ ಆಗಲ್ಲ ಸಾರ್, ಇಲ್ಲೊಂದು ಸೈನ್ ಹಾಕಿ" ಅಂದ್ರು. ಆರೋಗ್ಯದ ಪ್ರಶ್ನೆಗಳಿದ್ದ ಫಾರಂ. ಓದದೇ ಎಲ್ಲಕ್ಕೂ 'ಇಲ್ಲ' ಅಂತ ಟಿಕ್ ಹಾಕಿದೆ. ಇನ್‌ಸ್ಟಾಲ್ ಮಾಡುವಾಗ ಕಣ್ಮುಚ್ಚಿ 'ಐ ಅಗ್ರೀ' ಒತ್ತೋ ಕೈ ತಾನೇ! ನಾಲ್ಕು ಮೀಟರ್ ಇಳಿಯೋದ್ರೊಳಗೆ ಕಿವಿಗೆ ದಬ್ಬಳ ಚುಚ್ಚಿದ ಹಾಗಾಯ್ತು...

ಸಮುದ್ರದಲ್ಲಿ ಹತ್ತು ಮೀಟರ್ ಇಳಿದ್ರೆ ಮೈಮೇಲಿನ ಒತ್ತಡ ಎರಡು ಪಟ್ಟು. ಕಿವಿತಮಟೆ ಹಿಂದಿನ ಗಾಳಿ ಕುಗ್ಗುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿ ಅಲ್ಲಿಗೆ ಗಾಳಿ ಕಳಿಸ್ಬೇಕು. ನೆಗಡಿಯಾದಾಗ ಆ ದಾರಿಯೇ ಕಟ್ಟಿರುತ್ತೆ. ವಾಪಸ್ ಬಂದ್ಮೇಲೆ ಹಲಸೂರಿನ ಡಾಕ್ಟರು ನೋಡಿ "ತಮಟೆ ಹರಿದಿಲ್ಲ, ನಿಮ್ಮ ಪುಣ್ಯ" ಅಂದ್ರು. ಇನ್ನು ಹತ್ತು ಮೀಟರ್ ಕೆಳಗೆ ಎದೆ ತುಂಬ ಗಾಳಿ ಎಳ್ಕೊಂಡು, ಉಸಿರು ಕಟ್ಟಿ ಮೇಲೆ ಬಂದ್ರೆ ಆ ಗಾಳಿ ಎರಡರಷ್ಟಾಗೋಕೆ ನೋಡುತ್ತೆ, ಶ್ವಾಸಕೋಶವೇ ಹರೀಬಹುದು. "ಉಸಿರು ಹಿಡೀಬೇಡಿ" ಅಂತ ಹೇಳಿದ್ರು, ನಿಜ. ಯಾಕೆ ಅಂತ ಹೇಳಲಿಲ್ಲ.

ಆದ್ರೆ ನನ್ನ ದೊಡ್ಡ ತಕರಾರು ಕಿವೀದಲ್ಲ, ಘಾಟೀದು!

ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಹೆಚ್ಚಾಗಿ ಕರಗುತ್ತೆ. ಮೇಲೆ ಬಂದ್ಮೇಲೆ ನಿಧಾನವಾಗಿ, ಗಂಟೆಗಟ್ಟಲೆ, ಉಸಿರಿನ ಮೂಲಕ ಹೊರಗೆ ಹೋಗ್ಬೇಕು. ಒತ್ತಡ ತಟಕ್ಕನೆ ಇಳಿದ್ರೆ? ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತೋ ಅದೇ. ಗುಳ್ಳೆ! ಸೋಡಾದಲ್ಲಾದ್ರೆ ಮಜಾ, ಕೀಲಿನಲ್ಲಿ, ಬೆನ್ನುಹುರಿಯಲ್ಲಿ ಆದ್ರೆ ಆಸ್ಪತ್ರೆ.

ಅದಕ್ಕೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು ಹೇಳೋದು: ಒಂದು ಡೈವ್ ಆದ್ರೆ ವಿಮಾನ ಹತ್ತೋಕೆ ಮುಂಚೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ಕಾಯಿರಿ. "ನಾವು ವಿಮಾನದಲ್ಲಿ ಬರಲಿಲ್ವಲ್ಲ" ಅಂತೀರಾ? ಆ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದಲೇ ಶುರು. ನಮ್ಮ ಬೆಂಗಳೂರಿರೋದು ಸುಮಾರು 900 ಮೀಟರ್ ಮೇಲೆ! ಅಂದ್ರೆ ನಮಗೆ ಮನೆಗೆ ಹೋಗೋದೂ ಒಂದು ರೀತಿ ವಿಮಾನ ಹತ್ತಿದ ಹಾಗೇ.

ನಾವೇನ್ಮಾಡಿದ್ವಿ? ಎರಡು ಡೈವ್ ಮುಗಿಸಿ ಹನ್ನೆರಡಕ್ಕೆ ನೀರಿಂದ ಎದ್ವಿ. ದಡಕ್ಕೆ ಬಂದು ಬಂಗುಡೆ ಊಟ ಹೊಡೆದು ಮೂರಕ್ಕೆ ಹೊರಟ್ವಿ. ಐದಕ್ಕೆಲ್ಲಾ ಗೇರುಸೊಪ್ಪೆ ಘಾಟಿ ಹತ್ತುತಾ ಇದ್ವಿ. ಸೋಮವಾರ ಆಫೀಸಿದೆಯಲ್ಲ! ದಾರೀಲಿ ಕೆ.ಆರ್. ಪುರದ ಹುಡುಗನೊಬ್ಬ ಭುಜ ನೋವು ಅಂದ. "ಗಾಡಿ ಕುಲುಕಾಟ ಕಣೋ" ಅಂತ ನಕ್ವಿ. ಬೆಳಿಗ್ಗೆ ಹೊತ್ತಿಗೆ ನೋವು ಹೋಗಿತ್ತು, ಕುಲುಕಾಟವೇ ಇರ್ಬಹುದು. ಆದ್ರೆ ಭುಜ ನೋವೂ ಗುಳ್ಳೆಯ ಲಕ್ಷಣ ಅಂತ ಟಿಟಿಯಲ್ಲಿದ್ದ ಎಂಟು ಇಂಜಿನಿಯರುಗಳಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ನಾಚಿಕೆ ಆಗ್ಬೇಕು ನಮಗೆ.

ನಮ್ಮ ಆಫೀಸಿಗೆ ಕೂಗಳತೆಯಲ್ಲಿ, ಹಳೇ ಏರ್‌ಪೋರ್ಟ್ ರಸ್ತೆ ಕಡೆ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, 1957ರಿಂದ. ಒತ್ತಡ ಇಳಿದ್ರೆ ಮೈ ಏನಾಗುತ್ತೆ ಅಂತ ಪೈಲಟ್‌ಗಳನ್ನ ಕೋಣೆಯಲ್ಲಿ ಕೂರಿಸಿ ತೋರಿಸ್ತಾರೆ. ನಮಗೆ? ಒಂದು ಸೈನ್!

"ಅರ್ಧ ಗಂಟೆ, ಹತ್ತು ಮೀಟರ್, ಅಪಾಯ ಕಡಿಮೆ" ಅಂತೀರಾ? ಒಪ್ತೀನಿ, ಕಡಿಮೆಯೇ. ಹೋಗ್ಬೇಡಿ ಅಂತಾನೂ ಹೇಳ್ತಿಲ್ಲ. ಕರ್ಕೊಂಡು ಹೋಗೋರು ಫಾರಂ ಕನ್ನಡದಲ್ಲಿ ಓದಿ ಹೇಳ್ಲಿ, ನೆಗಡಿ ಇದ್ದೋರನ್ನ ದೋಣಿಯಲ್ಲೇ ಕೂರಿಸ್ಲಿ, "ಇವತ್ತೇ ಘಾಟಿ ಹತ್ತಬೇಡಿ" ಅಂತ ಬೋರ್ಡ್ ಹಾಕ್ಲಿ. ನೀವೂ ಅಷ್ಟೇ, ಆ ರಾತ್ರಿ ಮುರುಡೇಶ್ವರದಲ್ಲೇ ಉಳ್ಕೊಳ್ಳಿ. ಸೋಮವಾರ ಒಂದು ರಜಾ ಹಾಕಿದ್ರೆ ಪ್ರಾಜೆಕ್ಟ್ ಏನೂ ಮುಳುಗಲ್ಲ.

ಏನಂತೀರಾ?