ತರಬೇತುದಾರನನ್ನು ತೂಗುವ ತಕ್ಕಡಿ

ಅಡಿಕೆ ಮಂಡಿಯಲ್ಲಿ ಮೂಟೆ ಬಿಚ್ಚದೆ ಯಾರೂ ಧಾರಣೆ ಹೇಳುವುದಿಲ್ಲ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಕೈಯಲ್ಲಿ ಹಿಡಿದು, ಒಂದೆರಡನ್ನು ಒಡೆದು ನೋಡಿ, ಆಮೇಲೆ ಮಾತು. ಆದರೆ ಕೋಟಿಗಟ್ಟಲೆ ರೂಪಾಯಿ ಓಡಾಡುವ ವೃತ್ತಿಪರ ಆಟದ ತಂಡಗಳಿಗೆ ಮುಖ್ಯ ತರಬೇತುದಾರನನ್ನು ಆರಿಸುವಾಗ ಮೂಟೆಯ ಮೇಲೆ ಬರೆದ ಹೆಸರನ್ನಷ್ಟೇ ಓದಿ ವ್ಯಾಪಾರ ಮುಗಿಸುವುದುಂಟು. ತಂಡ ಸೋತ ಮಾರನೆಯ ಬೆಳಿಗ್ಗೆ ಸಾಗರದ ಹೋಟೆಲಾಗಲಿ, ಹೊಸನಗರದ ಬಸ್ ನಿಲ್ದಾಣವಾಗಲಿ, ತೀರ್ಥಹಳ್ಳಿಯ ಕ್ಷೌರದಂಗಡಿಯಾಗಲಿ, ಎಲ್ಲೆಲ್ಲೂ ಒಂದೇ ತೀರ್ಪು: ಕೋಚನ್ನು ತೆಗೆಯಿರಿ! ತೆಗೆದ ಮೇಲೆ ಯಾರನ್ನು ತರಬೇಕು, ಹೇಗೆ ತೂಗಿ ತರಬೇಕು ಎಂದು ಕೇಳಿದರೆ ಮಾತ್ರ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ.

ಗಿರಣಿ ಕೆಲಸಗಾರರು ಓದುವ ಪತ್ರಿಕೆಗೆ ಈ ಸುದ್ದಿ ಏಕೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ದುಡಿಯುವವರ ಮೇಲೆ ಮೇಸ್ತ್ರಿಯನ್ನು ಯಾರು ನೇಮಿಸಬೇಕು, ಯಾವ ಅಳತೆಯಿಂದ ನೇಮಿಸಬೇಕು, ದುಡಿಯುವವರನ್ನು ಕೇಳಬೇಕೆ ಬೇಡವೆ ಎಂಬ ಪ್ರಶ್ನೆಯೇ ಇಲ್ಲಿಯೂ ಇರುವುದು. ಅಷ್ಟು ಸಾಕೆಂದು ನಾವು ತಿಳಿದಿದ್ದೇವೆ.

2016ರ ಸಂಗತಿಯನ್ನು ನೋಡೋಣ. ಭಾರತದ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರನ ಹುದ್ದೆಗೆ ಮಂಡಳಿ ಜಾಹೀರಾತು ಕೊಟ್ಟಿತು. 57 ಅರ್ಜಿಗಳು ಬಂದವು. ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಈ ಮೂವರ ಸಮಿತಿ ಸಂದರ್ಶನ ಮಾಡಿತು. ಜೂನ್ 23ರಂದು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರ ಹೆಸರು ಹೊರಬಿತ್ತು. 619 ಟೆಸ್ಟ್ ವಿಕೆಟ್ ಪಡೆದವರು, 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬಟ್ಟೆ ಸುತ್ತಿಕೊಂಡು ಬೌಲಿಂಗ್ ಮಾಡಿದವರು. ಆದರೆ ಯಾವ ದೇಶದ ತಂಡಕ್ಕೂ ಅದುವರೆಗೆ ತರಬೇತಿ ಕೊಟ್ಟವರಲ್ಲ. ಕರ್ನಾಟಕದವರೆಂದು ನಾವೆಲ್ಲ ಹಿಗ್ಗಿದೆವು. ಹಿಗ್ಗುವುದು ತಪ್ಪಲ್ಲ, ಆದರೆ ಅದು ತಕ್ಕಡಿಯ ಬಟ್ಟಾಗಲಾರದು.

ಒಂದು ವರ್ಷದ ಫಲಿತಾಂಶವೇನು? 17 ಟೆಸ್ಟುಗಳಲ್ಲಿ 12 ಗೆಲುವು, ಸೋತದ್ದು ಒಂದೇ ಒಂದು, ಪುಣೆಯಲ್ಲಿ ಆಸ್ಟ್ರೇಲಿಯದ ಎದುರು. ಆಟಗಾರರ ಸಂಬಳ ಸಾಲದು, ಹೆಚ್ಚಿಸಬೇಕು ಎಂದು ಆಡಳಿತಗಾರರ ಮುಂದೆ ಲೆಕ್ಕಪತ್ರ ಹಿಡಿದು ವಾದಿಸಿದವರೂ ಇದೇ ಕುಂಬ್ಳೆ. ಮೇಸ್ತ್ರಿಯೊಬ್ಬ ಕೂಲಿ ಹೆಚ್ಚಿಸಿರೆಂದು ಕೆಲಸಗಾರರ ಪರವಾಗಿ ಕಚೇರಿಗೆ ಹೋದದ್ದನ್ನು ನಮ್ಮ ಗಿರಣಿಗಳಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಇಷ್ಟಾದರೂ 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಎದುರು 180 ರನ್ನುಗಳಿಂದ ಸೋತ ಎರಡೇ ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. ನಾಯಕನಿಗೆ ತನ್ನ ರೀತಿನೀತಿಯ ಬಗ್ಗೆ ಆಕ್ಷೇಪವಿದೆ ಎಂಬುದು ಹಿಂದಿನ ದಿನವಷ್ಟೇ ಮಂಡಳಿಯಿಂದ ತಿಳಿಯಿತೆಂದು ಅವರು ಬರೆದರು. ತಂಡದ ಮುಂದೆ ಕನ್ನಡಿ ಹಿಡಿಯುವುದೇ ತರಬೇತುದಾರನ ಕೆಲಸವೆಂಬ ಅರ್ಥದ ಮಾತನ್ನೂ ಸೇರಿಸಿದರು.

ಇಲ್ಲಿ ನಮಗೇ ಒಂದು ಇಕ್ಕಟ್ಟು ಬರುತ್ತದೆ. ಕೆಲಸಗಾರರ ಮಾತಿಗೆ ಬೆಲೆ ಇರಬೇಕೆಂದು ಹಗಲಿರುಳು ಹೇಳುವ ನಾವು, ನಾಯಕನ ಆಕ್ಷೇಪಕ್ಕೆ ಬೆಲೆ ಬಂದಾಗ ಏಕೆ ಮುಖ ಸಿಂಡರಿಸಬೇಕು? ಕಾರಣ ಇಷ್ಟೆ. ನಾಯಕನೊಬ್ಬನ ಮಾತು ತಂಡದ ಮಾತಲ್ಲ. ಹನ್ನೊಂದನೆಯ ಆಟಗಾರ, ಬೆಂಚಿನ ಮೇಲೆ ಕುಳಿತ ಹುಡುಗ, ಇನ್ನೂ ಕಾಲೂರದ ಹೊಸಬ, ಇವರ ಅಭಿಪ್ರಾಯವೇನಿತ್ತು? ಅದನ್ನು ಯಾರೂ ನಮ್ಮ ಮುಂದಿಡಲಿಲ್ಲ. ನೇಮಕಕ್ಕೆ ಮೊದಲು ಎಲ್ಲರನ್ನೂ ಗುಟ್ಟಾದ ಚೀಟಿಯ ಮೂಲಕ ಕೇಳುವುದು ಬೇರೆ. ನೇಮಿಸಿದ ಮೇಲೆ ದೊಡ್ಡವನೊಬ್ಬ ಕಿವಿಯಲ್ಲಿ ಉಸುರಿ ಇಳಿಸುವುದು ಬೇರೆ. ಮೊದಲನೆಯದು ನಮಗೆ ಬೇಕು. ಎರಡನೆಯದು ದರ್ಬಾರಿನ ಪದ್ಧತಿ.

2019ರಲ್ಲಿ ಕಪಿಲ್ ದೇವ್, ಅಂಶುಮಾನ್ ಗಾಯಕ್ವಾಡ್ ಮತ್ತು ನಮ್ಮ ಶಾಂತಾ ರಂಗಸ್ವಾಮಿಯವರ ಸಮಿತಿ ಅಂಕ ಹಾಕಿ ಆರಿಸಿತು. ತರಬೇತಿಯ ಸಿದ್ಧಾಂತ, ಅನುಭವ, ಸಾಧನೆ, ಮಾತಿನ ಸಂಪರ್ಕ, ಹೊಸ ವಿಧಾನಗಳ ಜ್ಞಾನ ಎಂದು ಬಾಬ್ತುಗಳೂ ಇದ್ದವು. ರವಿ ಶಾಸ್ತ್ರಿ ಮೊದಲಿಗರು, ಹೆಸನ್ ಎರಡನೆಯವರು, ಮೂಡಿ ಮೂರನೆಯವರು ಎಂದು ಹೊರಗೆ ಹೇಳಿದ್ದು ಒಳ್ಳೆಯದೇ. ಆದರೆ ಸಂದರ್ಶನಕ್ಕೆ ಮೊದಲೇ ನಾಯಕ ವಿರಾಟ್ ಕೊಹ್ಲಿ, ಶಾಸ್ತ್ರಿ ಮುಂದುವರಿದರೆ ತಂಡಕ್ಕೆ ಸಂತೋಷವೆಂದು ಬಹಿರಂಗವಾಗಿ ನುಡಿದಾಗಿತ್ತು. ನಾಯಕನನ್ನು ನಾವು ಕೇಳಿಲ್ಲವೆಂದು ಸಮಿತಿ ಎಷ್ಟು ಹೇಳಿದರೂ, ಪರೀಕ್ಷೆಗೆ ಮುನ್ನವೇ ಫಲಿತಾಂಶ ಗೊತ್ತಿದ್ದಂತೆ ಜನಕ್ಕೆ ಕಂಡರೆ ಅದು ಜನರ ತಪ್ಪಲ್ಲ.

ಹಾಗಾದರೆ ಮೂಟೆ ಬಿಚ್ಚಿ ಏನನ್ನು ನೋಡಬೇಕು? ಹೆಸರಿಲ್ಲದವರ ಕೈಯಲ್ಲಿ ಈ ಮನುಷ್ಯ ಏನು ಮಾಡಿಸಿದ್ದಾನೆ ಎಂಬುದನ್ನು ನಾವು ಮೊದಲು ನೋಡುತ್ತೇವೆ. ರಾಹುಲ್ ದ್ರಾವಿಡ್ 2015ರಿಂದ ಹತ್ತೊಂಬತ್ತರ ಒಳಗಿನ ಹುಡುಗರಿಗೂ ಎರಡನೆಯ ಸಾಲಿನ ತಂಡಕ್ಕೂ ಪಾಠ ಹೇಳಿದವರು. ಒಬ್ಬ ಹುಡುಗ ಒಂದೇ ಕಿರಿಯರ ವಿಶ್ವಕಪ್ ಆಡಲಿ, ಮುಂದಿನ ಸಲ ಇನ್ನೊಬ್ಬನಿಗೆ ಜಾಗ ಸಿಗಲಿ ಎಂಬ ಕಟ್ಟಳೆಗೆ ನಿಂತವರು. 2021ರ ನವೆಂಬರಿನಲ್ಲಿ ಹಿರಿಯರ ತಂಡಕ್ಕೆ ಬರುವಾಗ ಅವರ ಹಿಂದೆ ಆರು ವರ್ಷದ ಈ ದುಡಿಮೆ ಇತ್ತು.

ಇನ್ನು ಹಣದ ವಿಷಯ. 2018ರ ಫೆಬ್ರವರಿಯಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದಾಗ ಮಂಡಳಿ ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಸಾರಿತು. ಚೆಂಡು ಎಸೆದವನು, ಕಾಲು ತಿಕ್ಕಿದವನು, ಲೆಕ್ಕ ಬರೆದವನು ಎಲ್ಲರೂ ಸೇರಿ ದುಡಿದಿರುವಾಗ ಈ ಭೇದವೇಕೆಂದು ದ್ರಾವಿಡ್ ಆಕ್ಷೇಪಿಸಿದರು. ಕೊನೆಗೆ ಅವರೂ ಸೇರಿ ಸಿಬ್ಬಂದಿಯವರಿಗೆಲ್ಲ ತಲಾ 25 ಲಕ್ಷವಾಯಿತು. ಎಂದರೆ ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಗೆದ್ದ ಮೇಲೂ, 5 ಕೋಟಿ ಬೇಡ, ಉಳಿದ ತರಬೇತುದಾರರಂತೆ ಎರಡೂವರೆ ಕೋಟಿ ಸಾಕೆಂದರು ಎಂದು ಪತ್ರಿಕೆಗಳಲ್ಲಿ ಬಂತು. ಎರಡೂವರೆ ಕೋಟಿಯೇನು ಉಪವಾಸದ ಕೂಲಿಯಲ್ಲ ಎಂದು ನಗುವವರು ನಗಲಿ. ಮೇಲಿನವನು ತಾನಾಗಿ ತನ್ನ ಪಾಲನ್ನು ಕೆಳಗಿನವರ ಮಟ್ಟಕ್ಕೆ ಇಳಿಸಿಕೊಂಡ ಇನ್ನೊಂದು ಉದಾಹರಣೆಯನ್ನು ಅವರೇ ತೋರಿಸಲಿ.

ಕಬಡ್ಡಿ ನಮ್ಮ ಮಲೆನಾಡಿನ ಹುಡುಗರಿಗೆ ಹತ್ತಿರದ ಆಟ. ಬೆಂಗಳೂರು ಬುಲ್ಸ್ ತಂಡಕ್ಕೆ 2014ರಿಂದ ರಣಧೀರ್ ಸಿಂಗ್ ಸೆಹ್ರಾವತ್ ತರಬೇತುದಾರರಾಗಿದ್ದರು. 2019ರ ಜನವರಿಯಲ್ಲಿ ಪ್ರಶಸ್ತಿ ಬಂತು. 2024ರಲ್ಲಿ 22 ಪಂದ್ಯಗಳಲ್ಲಿ ಎರಡೇ ಗೆದ್ದು ತಂಡ ಕಟ್ಟಕಡೆಗೆ ಬಿತ್ತು. ಮಾಲೀಕರು ನಮ್ಮ ರಾಜ್ಯದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶರನ್ನು ಕರೆದರು. 2019ರಲ್ಲಿ ಬಂಗಾಳಕ್ಕೂ 2024ರಲ್ಲಿ ಪುಣೆಗೂ ಪ್ರಶಸ್ತಿ ತಂದುಕೊಟ್ಟವರು. ಎರಡು ಬೇರೆ ಬೇರೆ ತಂಡಗಳಲ್ಲಿ ಫಲ ತೋರಿಸಿದ್ದಾರೆಂದರೆ ಅದು ಅದೃಷ್ಟವಲ್ಲ. 2025ರಲ್ಲಿ ಅದೇ ಬುಲ್ಸ್ ಪ್ಲೇ-ಆಫ್ ಮುಟ್ಟಿತು. ಆದರೂ ಹಳಬರನ್ನು ಕಡೆಯ ವರ್ಷವೊಂದರಿಂದಲೇ ಅಳೆಯುವುದು ಸರಿಯಲ್ಲ. ಹರಾಜಿನಲ್ಲಿ ಕೊಂಡ ಆಳುಗಳು ಎಂಥವರು ಎಂಬುದನ್ನೂ ನೋಡಬೇಕು. ಒದ್ದೆ ಭತ್ತ ಹಾಕಿ, ನುಚ್ಚಾಯಿತೆಂದು ಗಿರಣಿಯವನನ್ನು ಬೈದರೆ ಹೇಗೆ?

ಮುಂದೆ ಇಂಥ ನೇಮಕ ಬಂದಾಗ ಅರ್ಜಿದಾರರ ಪಟ್ಟಿ, ಬಾಬ್ತುವಾರು ಅಂಕ ಮತ್ತು ಆಟಗಾರರ ಗುಟ್ಟಾದ ಚೀಟಿಗಳ ಲೆಕ್ಕ, ಈ ಮೂರನ್ನೂ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ದೊಡ್ಡ ಮಂಡಳಿಗಳು ಕೇಳಿಸಿಕೊಳ್ಳುವವರೆಗೆ ನಮ್ಮ ಮೂರು ತಾಲ್ಲೂಕುಗಳ ಯುವಕ ಸಂಘಗಳು ತಮ್ಮ ಕಬಡ್ಡಿ, ವಾಲಿಬಾಲ್ ತಂಡಗಳಲ್ಲಿ ಇದನ್ನು ಮಾಡಿ ನೋಡಲಿ. ಮಳೆ ಬಿಟ್ಟು ಅಂಗಳ ಒಣಗುವುದರೊಳಗೆ ಚೀಟಿ ಎಣಿಸಿ ಮುಗಿಸಬಹುದು.