ಅಕ್ಷರ ಕಾಣುತ್ತದೆಯೇ?



ನಮ್ಮ ಶಾಲೆಯಲ್ಲಿ 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದ ನಾಲ್ಕೈದು ಮಂದಿ ಈಚೆಗೆ ಮನೆಗೆ ಬಂದಿದ್ದರು. ಗುರುವಂದನೆಯ ಕಾರ್ಯಕ್ರಮ ಏರ್ಪಡಿಸುತ್ತಿದ್ದಾರಂತೆ. ಶಾಲು, ಹಾರ, ಹಣ್ಣಿನ ಬುಟ್ಟಿಗಳೆಲ್ಲ ನಿಶ್ಚಯವಾಗಿವೆ. ಅದರೊಡನೆ ಶಾಲೆಗೆ ಶಾಶ್ವತವಾಗಿ ಉಳಿಯುವಂಥದೇನನ್ನಾದರೂ ಕೊಡಬೇಕೆಂದು ಯೋಚಿಸಿ, ಮುದ್ರಣ, ನಕಲು, ಸ್ಕ್ಯಾನ್, ಫ್ಯಾಕ್ಸ್ ಈ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡುವ ಯಂತ್ರವೊಂದನ್ನು ಕೊಡಲು ತೀರ್ಮಾನಿಸಿದ್ದಾರೆ. “ಸರ್, ಯಾವ ಮಾಡೆಲ್ ತಗೊಳ್ಳೋದು, ನೀವೇ ಹೇಳಿ” ಎಂದರು. ಅವರ ಅಭಿಮಾನಕ್ಕೆ ನನ್ನ ಕಣ್ಣು ತುಂಬಿಬಂದುದು ನಿಜ. ಆದರೆ ಆ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಲು ನನ್ನಿಂದಾಗಲಿಲ್ಲ. ಬರೆದು ತಿಳಿಸುತ್ತೇನೆಂದು ಕಾಫಿ ಕೊಟ್ಟು ಕಳುಹಿಸಿದೆ. ಈ ಬರಹವೇ ಆ ಉತ್ತರ.

ಅಂಥದೇ ಯಂತ್ರವೊಂದು ನಮ್ಮ ಶಾಲೆಗೆ ಹಿಂದೊಮ್ಮೆ ಬಂದಿತ್ತೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು 2003ರ ಜೂನ್ ತಿಂಗಳು. ಅಲ್ಲಿಯವರೆಗೆ ಕಿರುಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ನಾವು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ತೆಗೆಯುತ್ತಿದ್ದೆವು. ಒತ್ತಕ್ಷರ ಕೊರೆಯುವಾಗ ಕೈ ಸ್ವಲ್ಪ ಬಿಗಿಯಾದರೆ ಹಾಳೆ ಹರಿಯುತ್ತಿತ್ತು, ಸಡಿಲವಾದರೆ ಮಸಿ ಇಳಿಯುತ್ತಿರಲಿಲ್ಲ. ಅಂಗಿಯ ತೋಳಿಗೆ ಹತ್ತಿದ ಆ ಮಸಿ ನನ್ನ ಮನೆಯಾಕೆಯ ಯಾವ ಸಾಬೂನಿಗೂ ಬಗ್ಗಿದ್ದಿಲ್ಲ. ಹೀಗಿರುವಾಗ ಹಳೆಯ ವಿದ್ಯಾರ್ಥಿಗಳಿಬ್ಬರು ಲೇಸರ್ ಯಂತ್ರವನ್ನು ತಂದು ಮೇಜಿನ ಮೇಲಿಟ್ಟರೆ ನಮಗೆ ಹೇಗಾಗಿರಬೇಡ!

ಅಂಗಡಿಯ ಹುಡುಗ ಬಂದು ಇಪ್ಪತ್ತು ನಿಮಿಷಗಳಲ್ಲಿ ಮುದ್ರಣವನ್ನೂ ನಕಲನ್ನೂ ತೋರಿಸಿ, “ಟೆಲಿಫೋನ್ ಲೈನು ನಮ್ಮ ಕೆಲಸ ಅಲ್ಲ ಸಾರ್” ಎಂದು ಹೊರಟುಹೋದ. ಫ್ಯಾಕ್ಸಿನ ಜೋಡಣೆ ನನ್ನ ಪಾಲಿಗೆ ಬಂತು. ಯಂತ್ರದ ಬೆನ್ನಿನಲ್ಲಿ ಒಂದೇ ತೆರನಾದ ಎರಡು ತೂತುಗಳು. ಒಂದು ಗೋಡೆಯಿಂದ ಬರುವ ತಂತಿಗೆ, ಇನ್ನೊಂದು ಪಕ್ಕದಲ್ಲಿರುವ ಫೋನಿಗೆ. ನಾನು ಅದಲುಬದಲು ಮಾಡಿದ್ದರಿಂದ ಅರ್ಧ ದಿನ ಶಾಲೆಯ ಫೋನು ಮೂಕವಾಗಿತ್ತು. ಅದು ಸರಿಹೋದ ಮೇಲೆ ಮತ್ತೊಂದು ಅವಾಂತರ. ಎರಡನೆಯ ಗಂಟೆಗೇ ಯಂತ್ರವು ತಾನಾಗಿ ಕರೆ ತೆಗೆದುಕೊಳ್ಳುವಂತೆ ನಾನು ಹೊಂದಿಸಿಬಿಟ್ಟಿದ್ದೆ. ಮಗನ ಹಾಜರಾತಿ ವಿಚಾರಿಸಲು ಫೋನು ಮಾಡಿದ ತಂದೆಯೊಬ್ಬರು ಮರುದಿನ ಖುದ್ದಾಗಿ ಬಂದು, “ನಿಮ್ಮ ಸ್ಕೂಲಲ್ಲಿ ಯಾರೋ ಫೋನ್ ಎತ್ತಿ ಕಿರುಚಿಕೊಳ್ತಾರಲ್ಲ ಮೇಷ್ಟ್ರೇ” ಎಂದರು. ಕರೆಯುವ ಯಂತ್ರ ಕೂಗುವುದು, ಎತ್ತಿಕೊಂಡ ಯಂತ್ರ ಓಗೊಡುವುದು, ಬಳಿಕ ಯಾವ ವೇಗದಲ್ಲಿ ಮಾತನಾಡಬೇಕೆಂದು ಎರಡೂ ಒಪ್ಪಂದಕ್ಕೆ ಬರುವುದು. ಆ ಕಿರುಚಾಟದ ಅರ್ಥ ಇಷ್ಟೇ. ಅಂದ ಹಾಗೆ, ಈ ವಿದ್ಯೆ ಟೆಲಿಫೋನಿಗಿಂತ ಹಳೆಯದು. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಇದಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಬೆಲ್ ಟೆಲಿಫೋನಿಗೆ ಪಡೆದದ್ದು 1876ರಲ್ಲಿ. ತಂತಿಯ ಮೂಲಕ ಮಾತು ಹೋಗುವುದಕ್ಕೂ ಮೊದಲೇ ಕೈಬರಹ ಹೋಗಿತ್ತೆಂಬುದು ಕನ್ನಡ ಮೇಷ್ಟರಾದ ನನಗೆ ಏಕೋ ಬಹಳ ಹಿತವೆನಿಸುವ ಸಂಗತಿ.

ಆ ವರ್ಷದ ಆಯುಧಪೂಜೆಯಲ್ಲಿ ಯಂತ್ರಕ್ಕೂ ಅರಿಸಿನ ಕುಂಕುಮ ಸಂದಿತು. ಮಾರನೆಯ ದಿನದಿಂದ ತೆಗೆದ ಪ್ರತಿಯೊಂದು ನಕಲಿನಲ್ಲಿಯೂ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ. ಮೇಲಿನ ತಟ್ಟೆಯಿಂದ ಹಾಳೆಗಳು ಹಾದುಹೋಗುವಲ್ಲಿ ಗಾಜಿನ ಒಂದು ಕಿರುಪಟ್ಟಿ ಇರುತ್ತದೆ. ಹಾಳೆ ಚಲಿಸುತ್ತದೆ, ಕಣ್ಣು ನಿಂತಲ್ಲೇ ನಿಂತು ನೋಡುತ್ತದೆ. ಆದುದರಿಂದ ಆ ಪಟ್ಟಿಯ ಮೇಲೆ ಕುಂಕುಮದ ಒಂದು ಕಣ ಕುಳಿತರೂ ಹಾಳೆಯುದ್ದಕ್ಕೂ ಗೆರೆಯಾಗಿ ಮೂಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯುವ ಕೆಲಸಕ್ಕೆ ನಾವು ಹದಿನೈದು ದಿನ ಅಂಗಡಿಯವನ ದಾರಿ ಕಾದೆವು.

ಈ ಪ್ರಸಂಗದ ನಂತರವೇ ಯಂತ್ರವನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಸಾಗಿಸಿ, ಕಸೂತಿಯ ಬಟ್ಟೆ ಹೊದಿಸಿ, “ಅನುಮತಿಯಿಲ್ಲದೆ ಯಾರೂ ಮುಟ್ಟಬಾರದು” ಎಂಬ ಫಲಕ ಅಂಟಿಸಲಾಯಿತು. ಫಲಕವನ್ನು ಬರೆದವನು ನಾನೇ. ನನ್ನ ದುಂಡಕ್ಷರ ನಿಮಗೆಲ್ಲ ಗೊತ್ತಿರುವುದೇ. ಅಂದಿನಿಂದ ಅದನ್ನು ಮುಟ್ಟುವ ಅಧಿಕಾರ ಇದ್ದದ್ದು ಇಬ್ಬರಿಗೆ ಮಾತ್ರ: ಮುಖ್ಯೋಪಾಧ್ಯಾಯರಿಗೆ ಮತ್ತು ನನಗೆ. ಅದರಲ್ಲಿ ಅವರು ಎಂದೂ ಮುಟ್ಟಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ. ಯಾರಿಗೆ ಸಂಬಂಧಿಸಿದುದೋ ಆ ಹೆಣ್ಣುಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2003ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಪರೀಕ್ಷಾರ್ಥಿಗಳ ಪಟ್ಟಿಯಲ್ಲಿ ಒಬ್ಬ ಹುಡುಗಿಯ ಹೆಸರೂ ಆಕೆಯ ತಂದೆಯ ಹೆಸರೂ ತಪ್ಪಾಗಿ ಬಿದ್ದಿದ್ದವು. ತಿದ್ದುಪಡಿ ಕಳುಹಿಸಲು ಅಂದೇ ಕೊನೆಯ ದಿನ. ಮುಖ್ಯೋಪಾಧ್ಯಾಯರ ಪತ್ರ ಒಂದು ಹಾಳೆ, ದಾಖಲಾತಿ ವಹಿಯ ನಕಲು ಎರಡು ಹಾಳೆ. ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಮೂರನ್ನೂ ಮೇಲಿನ ತಟ್ಟೆಯಲ್ಲಿಟ್ಟು ಸಂಬಂಧಪಟ್ಟ ಕಚೇರಿಯ ನಂಬರು ಒತ್ತಿದೆ. ಹಾಳೆಗಳು ಒಂದೊಂದಾಗಿ ಒಳಹೋಗಿ ಹೊರಬಂದವು. ಯಂತ್ರ ತಾನೇ ಒಂದು ಚೀಟಿಯನ್ನು ಮುದ್ರಿಸಿಕೊಟ್ಟಿತು: ಮೂರು ಪುಟ, ಓಕೆ. ಆ ಚೀಟಿಯನ್ನು ಕಡತಕ್ಕೆ ಸೇರಿಸಿ, ಕೃತಾರ್ಥನಾದೆನೆಂದು ಮನೆಗೆ ಬಂದೆ.

ಮುಂದಿನ ಬೇಸಿಗೆಯಲ್ಲಿ ಅಂಕಪಟ್ಟಿ ಬಂದಾಗ ಹಳೆಯ ತಪ್ಪು ಹಾಗೆಯೇ ಇತ್ತು. ಚೀಟಿ ಹಿಡಿದುಕೊಂಡು ಸ್ವಲ್ಪ ಸಿಟ್ಟಿನಿಂದಲೇ ಆ ಕಚೇರಿಗೆ ಹೋದೆ. ಗುಮಾಸ್ತರು ತಾಳ್ಮೆಯಿಂದ ಕಡತ ಹುಡುಕಿ ನನ್ನ ಮುಂದೆ ಮೂರು ಹಾಳೆಗಳನ್ನು ಇಟ್ಟರು. ಮೂರೂ ಬಿಳಿ ಹಾಳೆಗಳು. ನೆತ್ತಿಯ ಮೇಲೆ ನಮ್ಮ ಶಾಲೆಯ ಫೋನ್ ನಂಬರು, ಪುಟದ ಸಂಖ್ಯೆ, ಮತ್ತು 2000ನೆಯ ಇಸವಿಯ ಜನವರಿ ಒಂದನೆಯ ತಾರೀಖು. ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರದ ಗಡಿಯಾರ ಹಿಂದಕ್ಕೆ ಓಡುತ್ತಿದ್ದುದನ್ನು ನಾನು ಸರಿಪಡಿಸಿರಲಿಲ್ಲ. “ಖಾಲಿ ಕಾಗದವನ್ನು ಏಕೆ ಇಟ್ಟುಕೊಂಡಿರಿ?” ಎಂದರೆ ಅವರು, “ಇನ್‌ವರ್ಡ್ ನಂಬರ್ ಬಿದ್ದಿರೋ ಕಾಗದ ಸರ್, ಎಸೆಯೋ ಹಾಗಿಲ್ಲ” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಪ್ಪು ನನ್ನದೇ. ನಕಲು ತೆಗೆಯುವಾಗ ಗಾಜಿನ ಮೇಲೆ ಹಾಳೆಯನ್ನು ಬೋರಲಾಗಿ ಇಡಬೇಕು. ಆ ಅಭ್ಯಾಸಬಲದಿಂದ ಮೇಲಿನ ತಟ್ಟೆಯಲ್ಲಿಯೂ ಬೋರಲಾಗಿಯೇ ಇಟ್ಟಿದ್ದೆ. ನಮ್ಮ ಯಂತ್ರದ ತಟ್ಟೆಗೆ ಅಂಗಾತ ಇಡಬೇಕಿತ್ತು. ಯಂತ್ರವು ಹಾಳೆಯ ಬೆನ್ನನ್ನು ನಿಷ್ಠೆಯಿಂದ ಓದಿ, ಅಲ್ಲಿ ಕಂಡ ಬಿಳುಪನ್ನು ಅಷ್ಟೇ ನಿಷ್ಠೆಯಿಂದ ಕಳುಹಿಸಿತ್ತು. ಓಕೆ ಎಂದರೆ ಆಚೆಯ ಯಂತ್ರ ಮೂರು ಪುಟಗಳನ್ನು ತೆಗೆದುಕೊಂಡಿತು ಎಂದಷ್ಟೇ ಅರ್ಥ. ಆ ಪುಟಗಳಲ್ಲಿ ಏನಿತ್ತೆಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಶಾಲೆಗೆ ಮರಳಿ, ಬಾಗಿಲು ಹಾಕಿಕೊಂಡು ಪರೀಕ್ಷಿಸುತ್ತಿದ್ದಾಗ ನಮ್ಮ ಅಟೆಂಡರ್ ಒಳಗೆ ಬಂದರು. ನೀವೆಲ್ಲ ಗಂಟೆಯಣ್ಣ ಎಂದು ಕರೆಯುತ್ತಿದ್ದವರು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ಮೇಷ್ಟ್ರೇ, ಅವತ್ತು ಅಂಗಡಿ ಹುಡುಗ ಮೇಲ್ಗಡೆ ತಟ್ಟೆಗೆ ಅಕ್ಷರ ಮೇಲಕ್ಕೆ ಬರೋ ಹಂಗೆ ಇಟ್ಟಿದ್ದ. ನೀವು ಫ್ಯಾಕ್ಸ್ ಕಳಿಸೋವಾಗ ಬೋರಲಾಗಿ ಇಟ್ಟಿರಿ. ನಾನು ಬಾಗ್ಲತ್ರ ನಿಂತು ನೋಡ್ತಿದ್ದೆ” ಎಂದರು. “ನೋಡಿದವನು ಅಂದೇ ಏಕೆ ಹೇಳಲಿಲ್ಲ ಮಾರಾಯ?” ಎಂದು ಕೇಳಿದೆ. ಅವರು ಗೋಡೆಯ ಫಲಕದ ಕಡೆ ನೋಡಿದರು. “ಮುಟ್ಟಬೇಡ ಅಂತ ಬರೆದೈತಲ್ಲ. ಮುಟ್ಟದ ಮೇಲೆ ಅದರ ಮಾತು ನಂಗ್ಯಾಕೆ ಅಂದ್ಕೊಂಡೆ.”

ಹೆಸರಿನ ತಿದ್ದುಪಡಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಂಕಪಟ್ಟಿಯ ಹೆಸರಿಗೂ ಜಾತಿ ಪ್ರಮಾಣಪತ್ರದ ಹೆಸರಿಗೂ ತಾಳೆಯಾಗದೆ ಆ ಹುಡುಗಿಗೆ ಪಿಯುಸಿ ಮೊದಲ ವರ್ಷದ ವಿದ್ಯಾರ್ಥಿವೇತನ ಬರಲಿಲ್ಲ. ಕೂಲಿ ಮಾಡುತ್ತಿದ್ದ ತಂದೆ ಕೆಲಸ ಬಿಟ್ಟು ಐದು ಬಾರಿ ಬೆಂಗಳೂರಿಗೆ ಅಲೆದರು. ಎರಡು ಬಾರಿ ನಾನೂ ಜೊತೆಗೆ ಹೋದೆ. ಬಸ್ಸಿನ ಖರ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ; “ನೀವೇನು ಬೇಕಂತ ಮಾಡಿದ್ರಾ ಸಾಮಿ” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಫಲಕವನ್ನು ನಾನೇ ಕಿತ್ತೆ. ಗಂಟೆಯಣ್ಣನವರು ಎರಡು ದಿನದಲ್ಲಿ ಯಂತ್ರವನ್ನು ಕಲಿತರು. ತಟ್ಟೆಯ ಮೇಲೆ ಅಂಗಾತ ಮಲಗಿದ ಮನುಷ್ಯನ ಚಿತ್ರವನ್ನೂ, ಗಾಜಿನ ಪಕ್ಕದಲ್ಲಿ ಬೋರಲು ಮಲಗಿದ ಮನುಷ್ಯನ ಚಿತ್ರವನ್ನೂ ಬರೆದು ಅಂಟಿಸಿದರು. ಇಂಗ್ಲಿಷಿನ ಕೈಪಿಡಿಯಲ್ಲಿ ಅದಕ್ಕಿಂತ ಚೆನ್ನಾದ ಚಿತ್ರ ಇರಲಿಲ್ಲ. ಪ್ರತಿಯೊಂದು ಫ್ಯಾಕ್ಸಿನ ನಂತರವೂ ಅವರು ಆ ಕಚೇರಿಗೆ ಫೋನು ಮಾಡಿ, “ಬಂತಾ ಸಾರ್? ಅಕ್ಷರ ಕಾಣ್ತಾವಾ?” ಎಂದು ಕೇಳುತ್ತಿದ್ದರು. ಆಚೆಯವರು ನಗುತ್ತಿದ್ದರಂತೆ. ನಗಲಿ. ಅವರು ನಿವೃತ್ತರಾದ ಮೇಲೆ ಯಂತ್ರ ಮತ್ತೆ ಬೀಗದೊಳಕ್ಕೆ ಸೇರಿತು. 2009ರಲ್ಲಿ ನಾನು ನಿವೃತ್ತನಾಗುವ ಹೊತ್ತಿಗೆ ಹಾಳೆ ಎಳೆಯುವ ರಬ್ಬರು ಗಟ್ಟಿಯಾಗಿ, ತಂತಿಯನ್ನು ಇಲಿ ಕಡಿದು, ಅದು ಯಾವುದಕ್ಕೂ ಬಾರದಂತಾಗಿತ್ತು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2018ರ ನವೆಂಬರಿನಲ್ಲಿ ಜಮ್ಮು ಕಾಶ್ಮೀರದಲ್ಲಿ ಸರ್ಕಾರ ರಚಿಸುವ ಹಕ್ಕು ಮಂಡಿಸಿದ ಮೆಹಬೂಬಾ ಮುಫ್ತಿಯವರು, ತಮ್ಮ ಪತ್ರ ರಾಜಭವನದ ಫ್ಯಾಕ್ಸಿಗೆ ಹೋಗುತ್ತಿಲ್ಲವೆಂದರು. ಅಂದು ಹಬ್ಬದ ರಜೆ, ಯಂತ್ರದ ಬಳಿ ಯಾರೂ ಇರಲಿಲ್ಲವೆಂದು ರಾಜ್ಯಪಾಲರು ಹೇಳಿದರು. ರಾಜಕೀಯ ನನಗೆ ಬೇಡ. ಆದರೆ ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವರು ಗಂಟೆಯಣ್ಣ.

ಈಗ ನಿಮ್ಮ ಕೊಡುಗೆಯ ವಿಷಯ. ಫ್ಯಾಕ್ಸ್ ಇರುವುದನ್ನೇ ಹುಡುಕಿ ಕೊಳ್ಳಬೇಡಿ. ಶಾಲೆಯ ಮಾಹಿತಿಯೆಲ್ಲ ಈಗ ಅಂತರ್ಜಾಲದಲ್ಲಿ ಹೋಗುತ್ತದೆ, ಪತ್ರಗಳು ಇ-ಮೇಲಿನಲ್ಲಿಯೋ ವಾಟ್ಸಾಪಿನಲ್ಲಿಯೋ ಹೋಗುತ್ತವೆ. ಲೇಸರ್ ಯಂತ್ರವನ್ನೇ ಕೊಡಿ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. ಬಳಸದೆ ಬಿಟ್ಟ ಇಂಕ್‌ಜೆಟ್ಟಿನ ಮಸಿ ಸೂಕ್ಷ್ಮರಂಧ್ರಗಳಲ್ಲಿ ಒಣಗಿ ಕಟ್ಟಿಕೊಳ್ಳುವುದುಂಟು. ಟೋನರ್ ಎಂಬುದು ಒಣಪುಡಿಯಾದ್ದರಿಂದ ಆ ಭಯವಿಲ್ಲ. ಆದರೆ ಯಂತ್ರದೊಡನೆ ಬರುವ ಟೋನರ್ ಬಹುಮಟ್ಟಿಗೆ ಪೂರ್ತಿ ತುಂಬಿದ್ದಲ್ಲ. ಇಷ್ಟು ಸಾವಿರ ಪುಟವೆಂದು ಡಬ್ಬದ ಮೇಲೆ ಬರೆದಿರುವುದೂ ಸುಮಾರು ನೂರರಲ್ಲಿ ಐದು ಪಾಲು ಮಾತ್ರ ಮಸಿ ಬೀಳುವ ಹಾಳೆಯ ಲೆಕ್ಕ. ಕಾಗದ ಉಳಿಸಲೆಂದು ಎರಡು ಹಾಳೆಯ ಪ್ರಶ್ನೆಗಳನ್ನು ಒಂದರಲ್ಲಿ ತುರುಕುವ ನಮ್ಮ ಮೇಷ್ಟರುಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಮೊದಲ ಟೋನರ್ ಮುಗಿದ ದಿನವೇ ಎಷ್ಟೋ ಶಾಲೆಗಳಲ್ಲಿ ಇಂಥ ಯಂತ್ರದ ಆಯುಷ್ಯ ಮುಗಿಯುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಕೆಳಗಿನ ಯಂತ್ರವನ್ನು ಕೊಂಡು, ಮಿಕ್ಕ ಹಣವನ್ನು ಮೂರು ವರ್ಷಗಳ ಟೋನರಿಗೆ ಇಡಿ. ಲೋಕಾರ್ಪಣೆಯ ಫಲಕದಲ್ಲಿ ಟೋನರಿನ ಹೆಸರು ಬರುವುದಿಲ್ಲ, ನಿಜ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ಶಾಲೆಯ ಹಳೆಯ ದಾಖಲಾತಿ ವಹಿಗಳು ಅಂಚು ಮುರಿದು ಉದುರುತ್ತಿವೆ. ಒಬ್ಬನ ಹೆಸರಿಗೆ, ಜನ್ಮದಿನಕ್ಕೆ ಅನೇಕ ಸಲ ಅದೊಂದೇ ಸಾಕ್ಷಿ. ಆ ಹುಡುಗಿಯ ಹೆಸರು ಸರಿಯಾಗಿ ಇದ್ದದ್ದೂ ಅದರಲ್ಲೇ. ನಾಲ್ಕು ಭಾನುವಾರ ಬಂದು, ಪ್ರತಿಯೊಂದು ಪುಟವನ್ನೂ ಗಾಜಿನ ಮೇಲೆ ನಿಧಾನವಾಗಿ ಹರಡಿ ಸ್ಕ್ಯಾನ್ ಮಾಡಿಕೊಡಿ. ಹೊಲಿಗೆ ಬಿಚ್ಚಿ ಮೇಲಿನ ತಟ್ಟೆಗೆ ಮಾತ್ರ ಹಾಕಬೇಡಿ.

ಎಲ್ಲರೂ ಮುಟ್ಟಿದರೆ ಕೆಟ್ಟುಹೋಗುತ್ತದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಡಬಹುದು. ಬೀಗದೊಳಗಿದ್ದದ್ದು ಕೆಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿಕ್ಷಕರ ಕೊಠಡಿಯಲ್ಲಿ, ಬೀಗವಿಲ್ಲದ ಮೇಜಿನ ಮೇಲೆ ಇರಿಸುವುದಾದರೆ ಮಾತ್ರ ಕೊಡುತ್ತೇವೆಂದು ಆಡಳಿತ ಮಂಡಳಿಗೆ ಮೊದಲೇ ತಿಳಿಸಿರಿ.

ಮಾಡೆಲಿನ ಹೆಸರನ್ನು ಅಂಗಡಿಯವನನ್ನೇ ಕೇಳಿ, ನನಗೆ ತಿಳಿಯದು. ಸಮಾರಂಭದ ದಿನ ಯಂತ್ರವನ್ನು ಉದ್ಘಾಟಿಸಲು ನನ್ನನ್ನು ಕರೆಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಈಗ ಶಾಲೆಯಲ್ಲಿ ಗಂಟೆ ಬಾರಿಸುತ್ತಿರುವ ಆ ಹೆಣ್ಣುಮಗಳಿಗೆ ಒಂದು ಕುರ್ಚಿ ಹಾಕಿಸಿ, ಮೊದಲ ಹಾಳೆಯನ್ನು ಆಕೆಯೇ ಇಡಲಿ. ಕುಂಕುಮವನ್ನು ಬೇಕಾದರೆ ಮೇಜಿನ ಕಾಲಿಗೆ ಹಚ್ಚಿ.